ಗೋಲಗುಮ್ಮಟ ನೋಡಿ ಹೊಳ್ಳಿ ಹೋಗಬ್ಯಾಡ್ರಿ

1/10
“ಸರ್, ವಿಜಯಪುರಕ್ಕೆ ಅರ್ಧ ದಿನ ಸಾಕಲ್ವಾ?”

ಕಳೆದ ವಾರ ಇನ್‌ಬಾಕ್ಸ್‌ನಲ್ಲಿ ಬೆಂಗಳೂರಿನವರೊಬ್ಬರು ಕೇಳಿದ ಪ್ರಶ್ನೆ ಇದು. ಮುಂಜಾನೆ ಗೋಲಗುಮ್ಮಟ, ಆಮ್ಯಾಲ ಇಬ್ರಾಹಿಂ ರೋಜಾ, ಮಧ್ಯಾಹ್ನ ಊಟ ಮುಗಿಸಿ ಬಾದಾಮಿ ಕಡೆ ಗಾಡಿ. ಅವರದ್ದೇನೂ ತಪ್ಪಿಲ್ಲ. ಗೂಗಲ್ ಮಾಡಿದರೆ ಸಿಗೋ ಪಟ್ಟಿ ಇಷ್ಟೇ.

ಗೋಲಗುಮ್ಮಟ ದೊಡ್ಡದು, ಅದರಾಗ ಎರಡು ಮಾತಿಲ್ಲ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್‌ಶಾಹನ ಸಮಾಧಿ ಅದು. ಪಿಸುಗುಟ್ಟಿದರೂ ಎದುರುಗಡೆ ಗೋಡೆಗೆ ಕೇಳಸ್ತದ. ಆದರ ಈ ಜಿಲ್ಲೆಯೊಳಗ ಇನ್ನೂ ಸಣ್ಣ ದನಿಯಲ್ಲಿ ಮಾತಾಡೋ ಊರು ಬಹಳ ಅದಾವ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ಹಳೇ ನಾಲ್ಕು ತಾಲೂಕು ಸುತ್ತಿದರೆ ಸಾವಿರ ವರ್ಷದ ಕರ್ನಾಟಕದ ಇತಿಹಾಸ ಕಾಲಿಗೆ ತಾಗತದ. ಟಿಕೆಟ್ ಇಲ್ಲ, ಗೈಡ್ ಇಲ್ಲ, ಎಷ್ಟೋ ಕಡೆ ಬೋರ್ಡೂ ಇಲ್ಲ.

ಈ ಸರಣಿ ಅವರಿಗೆ ನನ್ನ ಉತ್ತರ. ಹತ್ತು ಪೋಸ್ಟ್ ಆಗತಾವ. ಸೇವ್ ಮಾಡಿ ಇಟ್ಕೊಳ್ರಿ, ಮುಂದ ಈ ಕಡೆ ಬಂದಾಗ ಉಪಯೋಗಕ್ಕ ಬರತದ.

2/10
ಮುಳವಾಡ

ಮೊದಲನೇ ಫೋಟೋದಾಗ ಗುಡಿ ಇಲ್ಲ, ಕೋಟೆ ಇಲ್ಲ. ಬರೀ ಎರಿ ಹೊಲ. ಬೇಸರ ಮಾಡ್ಕೋಬ್ಯಾಡ್ರಿ, ಈ ನೆಲ ನೋಡದೆ ಮುಂದಿನ ಯಾವ ಕಥೆಯೂ ತಿಳಿಯೂದಿಲ್ಲ.

ವಿಜಯಪುರದಿಂದ ಗದಗ ಕಡೆ ಹೋಗೋ ರೈಲು ಹತ್ತಿದರೆ ಕೆಲ ಹೊತ್ತಿಗೆ ಮುಳವಾಡ ಸ್ಟೇಷನ್ ಬರತದ. ಕಿಟಕಿಯಿಂದ ಕಣ್ಣು ಹಾಯುವಷ್ಟು ದೂರ ಕಪ್ಪು ಮಣ್ಣು. ಈ ಮಣ್ಣು ಒಮ್ಮೆ ನೀರು ಕುಡಿದರೆ ಹಿಂಗಾರಿ ಜೋಳಕ್ಕೆ ಅಷ್ಟೇ ಸಾಕು, ಚಳಿಯ ಇಬ್ಬನಿಯಲ್ಲೇ ತೆನೆ ಕಟ್ಟತದ. ಅದಕ್ಕೇ “ಡೋಣಿ ಬೆಳೆದರ ಓಣೆಲ್ಲ ಜೋಳ” ಅಂತ ನಮ್ಮ ಕಡೆ ಗಾದೆ. ಡೋಣಿ ಅಂದ್ರ ಈ ಸೀಮೆ ನಡುವೆ ಹರಿದು ಕೃಷ್ಣೆ ಸೇರುವ ಹೊಳಿ.

ಮಳಿ ಕೈಕೊಟ್ಟರೆ ಮಾತ್ರ ಕಥೆ ಬ್ಯಾರೆ. 1876–78ರ ದೊಡ್ಡ ಬರ ಈ ಜಿಲ್ಲೆಯನ್ನು ಎಷ್ಟು ಖಾಲಿ ಮಾಡಿತೆಂದರೆ, 1872ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಐದರಲ್ಲಿ ಒಂದು ಪಾಲು ಜನ ಕಡಿಮೆಯಾಗಿದ್ದರು. ಸತ್ತವರು, ಗುಳೆ ಹೋದವರು, ಹೊಳ್ಳಿ ಬರದವರು.

ಇವತ್ತು ಮುಳವಾಡದ ಹೆಸರು ಪೇಪರಿನಾಗ ಬರೋದು ಏತ ನೀರಾವರಿ ಯೋಜನೆಗೆ. ಆಲಮಟ್ಟಿ ಹಿನ್ನೀರನ್ನು ಮೇಲೆತ್ತಿ ಕಾಲುವೆಗೆ, ಕೆರೆಗೆ ಬಿಡುವ ಯೋಜನೆ ಅದು. ಬರದ ಸೀಮೆಗೆ ನೀರು ಬಂತು. ಆ ನೀರಿಗೆ ಯಾರು ಏನು ಕೊಟ್ಟರು ಅನ್ನೋದನ್ನ ಒಂಬತ್ತನೇ ಪೋಸ್ಟಿನಾಗ ಹೇಳತೀನಿ.

3/10
ಬಸವನ ಬಾಗೇವಾಡಿ, ಇಂಗಳೇಶ್ವರ

ವಿಜಯಪುರದಿಂದ ಸುಮಾರು 45 ಕಿಲೋಮೀಟರ್. ಬಸವಣ್ಣನವರ ಊರು ಅಂತ ಎಲ್ಲರಿಗೂ ಗೊತ್ತು. ಆದರೆ ಹೆಂಗ ಗೊತ್ತು?

ಪುರಾಣಗಳನ್ನು ಪಕ್ಕಕ್ಕಿಡ್ರಿ. ಕಲ್ಲಿನ ಸಾಕ್ಷಿ ಇರೋದು ಬಾಗೇವಾಡಿಯಲ್ಲಿ ಅಲ್ಲ, ಬೆಳಗಾವಿ ಜಿಲ್ಲೆಯ ಅರ್ಜುನವಾಡದಲ್ಲಿ. 1260ರ ಆ ಶಾಸನ ತರ್ದವಾಡಿ ನಾಡನ್ನೂ ಬಾಗೇವಾಡಿಯನ್ನೂ ಹೆಸರಿಸಿ, ಅಲ್ಲಿಯ ಮಾದಿರಾಜನ ಮಗ ಬಸವರಾಜ ಎನ್ನುತ್ತದೆ. ಕಲ್ಯಾಣದ ಗದ್ದಲ ಮುಗಿದು ನೂರು ವರ್ಷವೂ ಆಗಿರಲಿಲ್ಲ. ಅಂದರೆ ಅಜ್ಜ ಕಂಡದ್ದನ್ನು ಮೊಮ್ಮಗ ನೆನಪಿಟ್ಟುಕೊಳ್ಳುವಷ್ಟು ಹತ್ತಿರದ ಕಾಲದ ಮಾತು.

ಊರ ನಡುವೆ ಚಾಲುಕ್ಯ ಶೈಲಿಯ ಬಸವೇಶ್ವರ ಗುಡಿ ಐತಿ. ಇಲ್ಲಿ ಬಸವಣ್ಣನಿಗೆ ನಂದಿಯ ರೂಪ, ಶ್ರಾವಣದಲ್ಲಿ ಮೂಲ ನಂದೀಶ್ವರನ ಜಾತ್ರೆ. ಎತ್ತು ಹೂಡಿ ಬದುಕುವ ಜನ ತಮ್ಮ ಊರಿನ ಹಿರಿಯನನ್ನು ಬಸವನಾಗಿಯೇ ಕಂಡರು. ಸ್ಥಾವರ, ಜಂಗಮ ಅಂತ ಚರ್ಚೆ ಮಾಡೋರು ಮಾಡಲಿ. ಜಾತ್ರಿ ದಿನ ರೈತರ ಜೊತೆ ಸಾಲಿನಲ್ಲಿ ನಿಂತು ನೋಡ್ರಿ, ಅವರ ಲೆಕ್ಕ ಅರ್ಥ ಆಗತದ.

ಅಲ್ಲಿಂದ ಹತ್ತಿರದಾಗ ಇಂಗಳೇಶ್ವರ, ಬಸವಣ್ಣನವರ ತಾಯಿ ಮಾದಲಾಂಬಿಕೆಯ ತವರು ಅಂತ ನಂಬಿಕೆ. ಅಲ್ಲಿ ವಚನಗಳನ್ನು ಕಲ್ಲಿನಲ್ಲಿ ಕೆತ್ತಿಸಿ ನಿಲ್ಲಿಸಿದ ವಚನ ಶಿಲಾ ಮಂಟಪ ಐತಿ. ಓಲೆಗರಿಯಲ್ಲಿ ಉಳಿದು ಬಂದ ಮಾತು ಕಡೆಗೆ ಕಲ್ಲಿಗೆ ಬಂದ ಜಾಗ ಅದು. ಅವಸರ ಮಾಡಬ್ಯಾಡ್ರಿ, ಒಂದು ತಾಸು ಕುಂತು ಓದ್ರಿ.

4/10
ತದ್ದೇವಾಡಿ: ಸಾಮ್ರಾಜ್ಯ ಉರುಳಿಸಿದ ನಾಡು

ಮೇಲಿನ ಪೋಸ್ಟಿನಾಗ ತರ್ದವಾಡಿ ಅಂತ ಒಂದು ಹೆಸರು ಬಂತಲ್ಲ? ಅದು ಭೀಮಾ ದಂಡಿಯ ಇವತ್ತಿನ ತದ್ದೇವಾಡಿ, ಹಳೇ ಇಂಡಿ ತಾಲೂಕಿನ ಒಂದು ಹಳ್ಳಿ. ಹೋಗಿ ನಿಂತರೆ ಸಾದಾ ಹಳ್ಳಿ. ಆದರೆ ಒಂದು ಕಾಲಕ್ಕೆ “ತರ್ದವಾಡಿ ಸಾಸಿರ” ಅಂದರೆ ದಖ್ಖನ್ನಿನ ರಾಜಕೀಯದಲ್ಲಿ ತೂಕದ ಹೆಸರು.

965ರ ಹೊತ್ತಿಗೆ ರಾಷ್ಟ್ರಕೂಟ ಚಕ್ರವರ್ತಿ ಮೂರನೇ ಕೃಷ್ಣ ಈ ನಾಡನ್ನು ತನ್ನ ಒಬ್ಬ ಸಾಮಂತನಿಗೆ ಕೊಟ್ಟಿದ್ದ. ಬಾಗೇವಾಡಿ ತಾಲೂಕಿನ ನರಸಲಗಿಯ ಶಾಸನ ಅದನ್ನು ಹೇಳತದ. ಆ ಸಾಮಂತನ ಹೆಸರು ತೈಲಪ. ಕೃಷ್ಣ ತೀರಿಕೊಂಡ ಮೇಲೆ, 972ರಲ್ಲಿ ಮಾಳವದ ಪರಮಾರರು ಮಾನ್ಯಖೇಟವನ್ನು ಲೂಟಿ ಮಾಡಿದರು. ಮರುವರ್ಷ 973ರಲ್ಲಿ ತೈಲಪ ಕೊನೆಯ ರಾಷ್ಟ್ರಕೂಟ ದೊರೆ ಕರ್ಕನನ್ನು ಸೋಲಿಸಿ ಕಲ್ಯಾಣ ಚಾಲುಕ್ಯರ ಆಳ್ವಿಕೆ ಶುರು ಮಾಡಿದ.

ಕಥೆ ಅಲ್ಲಿಗೇ ಮುಗೀಲಿಲ್ಲ. ಸುಮಾರು 180 ವರ್ಷ ಬಿಟ್ಟು ಅದೇ ತರ್ದವಾಡಿಯನ್ನು ಚಾಲುಕ್ಯರ ಪರವಾಗಿ ಆಳುತ್ತಿದ್ದವನು ಕಳಚೂರಿ ಬಿಜ್ಜಳ. ಅವನೂ ಅದನ್ನೇ ಮಾಡಿದ, ಒಡೆಯನ ಸಿಂಹಾಸನ ತಾನೇ ಏರಿದ. ಆ ಬಿಜ್ಜಳನ ಆಸ್ಥಾನದ ಭಂಡಾರಿ ಆದವರು ಇದೇ ನಾಡಿನ ಬಾಗೇವಾಡಿಯ ಬಸವಣ್ಣ.

ಒಂದೇ ನಾಡು ಎರಡು ಸಲ ಸಾಮ್ರಾಜ್ಯ ಬದಲಿಸಿತು. ಯಾಕಿರಬಹುದು? ಭೀಮಾ ದಂಡಿಯ ಜೋಳದ ಹೊಲ, ದಂಡು ಸಾಕುವಷ್ಟು ಕಾಳು, ಮಾನ್ಯಖೇಟವೂ ಕಲ್ಯಾಣವೂ ಕೆಲವೇ ದಿನಗಳ ದಾರಿ. ಇದು ನನ್ನ ಊಹೆ. ನೀವು ಹೋಗಿ ಆ ನೆಲ ನೋಡಿ ಹೇಳ್ರಿ.

5/10
ಸಾಲೋಟಗಿ: ವಿದ್ಯಾರ್ಥಿಗಳಿಗೆ 27 ಮನಿ

ಇಂಡಿಗೆ ಹತ್ತಿರದ ಊರು. ಇವತ್ತು ಶಿವಯೋಗೇಶ್ವರ ಗುಡಿಗೆ ಜನ ಬರತಾರ. ಹತ್ತನೇ ಶತಮಾನದಲ್ಲಿ ಇಲ್ಲಿಗೆ ಓದಾಕ ಬರತಿದ್ರು.

945ರಲ್ಲಿ ಅದೇ ಮೂರನೇ ಕೃಷ್ಣನ ಮಂತ್ರಿ ನಾರಾಯಣ ಇಲ್ಲಿ ತ್ರೈಪುರುಷ ಶಾಲೆ ಕಟ್ಟಿಸಿದ. ಬ್ರಹ್ಮ, ವಿಷ್ಣು, ಶಿವ ಮೂವರ ಹೆಸರಿನ ಶಾಲೆ. ಆಗ ಊರಿನ ಹೆಸರು ಪಾವಿಟ್ಟಗೆ. ಬೇರೆ ಬೇರೆ ನಾಡಿನಿಂದ ವಿದ್ಯಾರ್ಥಿಗಳು ಬರುತ್ತಿದ್ದರು, ಅವರು ಇರಲಿಕ್ಕೆ 27 ಮನೆ ಬಿಟ್ಟುಕೊಟ್ಟಿದ್ದರು ಅಂತ ಇಲ್ಲಿಯ ಕಂಬದ ಶಾಸನ ಹೇಳತದ. ಹಾಸ್ಟೆಲ್ ಅಂತೀವಲ್ಲ, ಅದೇ.

ನನಗ ಬಹಳ ಸೇರೋದು ಸಣ್ಣ ವಿವರಗಳು. ದೀಪದ ಎಣ್ಣೆ ಖರ್ಚಿಗೆ ಅಂತಲೇ 12 ನಿವರ್ತನ ಹೊಲ ಬ್ಯಾರೆ ತೆಗೆದಿಟ್ಟಿದ್ದರು, ರಾತ್ರಿ ಓದೋರಿಗೆ ಬೆಳಕು ಬೇಕಲ್ಲ. ಊರಿನ ಮನೆಗಳಲ್ಲಿ ಮದುವೆಯಾದರೆ ಶಾಲೆಗೆ ಐದು ಹೂವು, ಮುಂಜಿವೆಯಾದರೆ ಅದರ ಅರ್ಧ, ಚೌಲವಾದರೆ ಅದರ ಅರ್ಧ ಕೊಡಬೇಕು. ಹೂವು ಅಂದ್ರ ಆ ಕಾಲದ ನಾಣ್ಯ. ಮಂತ್ರಿ ಕಟ್ಟಿಸಿದ, ಊರು ಸಾಕಿತು.

ಒಂದು ಮಾತು ಮರೀಬಾರದು. ಆ 27 ಮನೆಯೊಳಗೆ ಯಾರಿಗೆ ಜಾಗ ಇತ್ತು, ಯಾರಿಗೆ ಇರಲಿಲ್ಲ ಅನ್ನೋದು ಅಷ್ಟೇ ನಿಜ. ಅದು ಬ್ರಾಹ್ಮಣ ಹುಡುಗರ ವೇದವಿದ್ಯೆಯ ಶಾಲೆ. ಇನ್ನೂರು ವರ್ಷ ಬಿಟ್ಟು ಈ ಕಡೆಯ ಮಾದಾರ, ಮಡಿವಾಳ, ಹಡಪದ, ಅಂಬಿಗರು ಕನ್ನಡದಲ್ಲಿ ಮಾತಾಡಿ ಅದನ್ನೇ ಶಾಸ್ತ್ರ ಮಾಡಿದರಲ್ಲ, ಆ ಬದಲಾವಣೆಯ ದೊಡ್ಡತನ ತಿಳಿಯಬೇಕಂದ್ರ ಸಾಲೋಟಗಿಯನ್ನೂ ಬಾಗೇವಾಡಿಯನ್ನೂ ಒಂದೇ ಪ್ರವಾಸದಾಗ ನೋಡಬೇಕು.

6/10
ಹಲಸಂಗಿ: ಬೀಸುಕಲ್ಲಿನ ಮುಂದ ಕೂತು ಬರೆದುಕೊಂಡವರು

ಇಂಡಿಯಿಂದ ಚಡಚಣ ಕಡೆ ಹೋದರೆ ಹಲಸಂಗಿ. ಇಲ್ಲಿ ನೋಡಾಕ ಏನೈತಿ ಅಂತ ಕೇಳಿದರೆ, ಕಲ್ಲಿನ ಲೆಕ್ಕದಾಗ ಹೇಳೋದು ಕಷ್ಟ. ಕೇಳಾಕ ಐತಿ.

ಕಳೆದ ಶತಮಾನದ ಇಪ್ಪತ್ತು, ಮೂವತ್ತರ ದಶಕದಲ್ಲಿ ಈ ಸೀಮೆಯ ಒಂದಿಷ್ಟು ಹುಡುಗರು ಸೇರಿ ತಮ್ಮ ತಾಯಂದಿರ, ಅಕ್ಕಂದಿರ ಹಾಡುಗಳನ್ನು ಬರೆದುಕೊಂಡರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ. ಹಲಸಂಗಿ ಗೆಳೆಯರು ಅಂತಲೇ ಕನ್ನಡದಲ್ಲಿ ಹೆಸರಾದವರು. 1931ರಲ್ಲಿ ‘ಗರತಿಯ ಹಾಡು’ ಅಚ್ಚಾಯಿತು. ಜನಪದ ಅಂದರೆ ಓದಿದವರು ಮೂಗು ಮುರಿಯುತ್ತಿದ್ದ ಕಾಲದಲ್ಲಿ, ಬೀಸುವಾಗಿನ ತ್ರಿಪದಿಗಳು ಪುಸ್ತಕವಾಗಿ ಪಂಡಿತರ ಮೇಜಿಗೆ ಹೋದವು.

ಹೆಸರುಗಳನ್ನು ಇನ್ನೊಂದು ಸಲ ಓದ್ರಿ. ಅದರಾಗ ಒಬ್ಬ ಧೂಲಾಸಾಹೇಬ ಇದ್ದಾನ. ಗರತಿಯ ಹಾಡು ಹುಡುಕಲಿಕ್ಕೆ ಲಿಂಗಣ್ಣ, ಧೂಲಾಸಾಹೇಬ ಕೂಡಿ ಓಣಿ ಓಣಿ ತಿರುಗಿದ್ದು ನಮ್ಮ ಭಾಗದಾಗ ಯಾರಿಗೂ ವಿಶೇಷ ಅನಿಸಿರಲಿಕ್ಕಿಲ್ಲ. ಇವತ್ತು ಇದನ್ನ ಎತ್ತಿ ಹೇಳಬೇಕಾಗಿ ಬಂದದ್ದೇ ಬ್ಯಾಸರದ ಸಂಗತಿ.

ಹಲಸಂಗಿಗೆ ಹೋದರೆ ಯಾರದಾದರೂ ಮನಿ ಕಟ್ಟೀ ಮ್ಯಾಲ ಕೂಡ್ರಿ, ಹಿರೇರನ್ನ ಮಾತಾಡಸ್ರಿ. ರೆಕಾರ್ಡ್ ಮಾಡೋ ಮೊದಲು ಕೇಳ್ರಿ. ಬೀಸುಕಲ್ಲು ಮೂಲಿ ಸೇರಿ ಬಹಳ ದಿನ ಆಗೇದ, ಆ ಹಾಡು ಬಲ್ಲ ಆಯಂದಿರು ವರ್ಷಾ ವರ್ಷಾ ಕಡಿಮಿ ಆಗಾಕತ್ತಾರ.

7/10
ಸಿಂದಗಿ ಸೀಮೆ: ಓದಿದವರ ಊರು

ಸಿಂದಗಿ ತಾಲೂಕಿನ ಗುಬ್ಬೇವಾಡದಲ್ಲಿ 1938ರ ನವೆಂಬರ್ 28ರಂದು ಒಂದು ಗಂಡು ಹುಟ್ಟಿತು. ಸ್ವಂತ ಊರು ಅದೇ ತಾಲೂಕಿನ ಯರಗಲ್ಲ. ಬೆಳೆದು ಎಂ.ಎಂ. ಕಲಬುರ್ಗಿ ಆದರು. ಕಲ್ಲು ಓದಿದರು, ಓಲೆಗರಿ ಓದಿದರು, ಓದಿದ್ದನ್ನು ಅಂಜದೆ ಹೇಳಿದರು. 2015ರ ಆಗಸ್ಟ್ 30ರ ಮುಂಜಾನೆ ಧಾರವಾಡದ ಮನೆ ಬಾಗಿಲಲ್ಲೇ ಅವರನ್ನು ಗುಂಡಿಟ್ಟು ಕೊಂದರು.

ಅವರಿಗಿಂತ ಮೊದಲು ಇನ್ನೊಬ್ಬರು. ಧಾರವಾಡದಲ್ಲಿ ಹುಟ್ಟಿ ವಕೀಲಿ ಮಾಡಲು ವಿಜಯಪುರಕ್ಕೆ ಬಂದ ಫ.ಗು. ಹಳಕಟ್ಟಿ. ಜನರ ಮನೆಯ ಜಗಲಿ ಮೇಲೆ ಪೂಜೆಗೆ ಇಟ್ಟಿದ್ದ ವಚನದ ಕಟ್ಟುಗಳನ್ನು ಕಾಡಿಬೇಡಿ ತಂದು ನಕಲು ಮಾಡಿ, 1923ರಲ್ಲಿ ‘ವಚನಶಾಸ್ತ್ರಸಾರ’ ತಂದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯ, ಮರುವರ್ಷ ‘ಶಿವಾನುಭವ’ ಪತ್ರಿಕೆ. ಇವರು ಇಲ್ಲದಿದ್ದರೆ ಇವತ್ತು ನಾವು ಸ್ಟೇಟಸ್ ಹಾಕೋ ಎಷ್ಟೋ ವಚನ ಇಲಿ, ಗೆದ್ದಲಿನ ಪಾಲಾಗತಿದ್ವು.

ಈ ಪೋಸ್ಟಿನ ಎರಡನೇ ಫೋಟೋ ಈ ಸೀಮೆಯ ಒಂದು ಹಳ್ಳಿಯದು, ಹೆಸರು ಹಾಕೂದಿಲ್ಲ. ಗುಡಿ ಮುಂದಿನ ಶಾಸನದ ಕಲ್ಲಿಗೆ ಭಕ್ತಿಯಿಂದ ಆಯಿಲ್ ಪೇಂಟ್ ಬಳದಾರ. ಅಕ್ಷರ ಮುಚ್ಚಿ ಹೋಗ್ಯಾವ. “ಯಾಕ ಕಾಕಾ?” ಅಂತ ಕೇಳಿದೆ. “ದೇವರ ಕಲ್ಲು ತಮ್ಮಾ, ಮಾಸಬಾರದಲ್ಲ” ಅಂದರು. ಅವರ ಮೇಲೆ ಸಿಟ್ಟು ಬರಲಿಲ್ಲ. ಅದರಾಗ ಅವರದೇ ಊರಿನ ಹೆಸರು, ಅವರದೇ ಕೆರೆಯ ಲೆಕ್ಕ ಇರಬಹುದು ಅಂತ ಅವರಿಗೆ ಯಾರೂ ಕೂತು ಓದಿ ಹೇಳಿಲ್ಲ.

8/10
ರಕ್ಕಸಗಿ, ತಂಗಡಗಿ

ಪಠ್ಯಪುಸ್ತಕದಾಗ ತಾಳಿಕೋಟೆ ಯುದ್ಧ ಓದೀರಿ. ಆದರೆ ತಾಳಿಕೋಟೆ ಡೋಣಿ ದಂಡಿ ಊರು, ಯುದ್ಧ ನಡೆದದ್ದು ಅಲ್ಲಿಂದ ದೂರ, ಕೃಷ್ಣೆಯ ಹತ್ತಿರ. 1564ರ ಡಿಸೆಂಬರಿನಲ್ಲಿ ವಿಜಯಪುರ, ಅಹ್ಮದನಗರ, ಗೋಲ್ಕೊಂಡ, ಬೀದರ್ ಸುಲ್ತಾನರ ದಂಡು ಕೂಡಿದ್ದು ತಾಳಿಕೋಟೆಯಲ್ಲಿ, ಹಂಗಾಗಿ ಆ ಹೆಸರು ಬಿತ್ತು. ಮುದ್ದೇಬಿಹಾಳ ತಾಲೂಕಿನ ರಕ್ಕಸಗಿ, ತಂಗಡಗಿ ಎರಡು ಊರಿನ ಹೆಸರು ಕೂಡಿ ರಕ್ಕಸತಂಗಡಗಿ ಯುದ್ಧ ಅಂತಲೂ ಕರೀತಾರ.

ದಕ್ಷಿಣ ದಂಡಿಯ ಹಾಯ್ಗಡವನ್ನು ವಿಜಯನಗರದವರು ಕಾಯುತ್ತಿದ್ದರು. ಸುಲ್ತಾನರು ಬೇರೆ ಹಾಯ್ಗಡ ಹುಡುಕುವವರಂತೆ ದಂಡಿಗುಂಟ ನಡೆದರು. ಇವರೂ ಆಚೆ ದಂಡಿಯಲ್ಲಿ ಅವರ ಜೋಡಿ ನಡೆದರು. ಅವರು ಸಟ್ಟನೆ ತಿರುಗಿ ಬಂದು, ಕಾವಲಿಲ್ಲದ ಮೊದಲಿನ ಜಾಗದಲ್ಲೇ ಹೊಳಿ ದಾಟಿದರು. 1565ರ ಜನವರಿ 23. ಮುಪ್ಪಿನ ಅಳಿಯ ರಾಮರಾಯ ಸೆರೆ ಸಿಕ್ಕ, ಅಹ್ಮದನಗರದ ಹುಸೇನ್ ನಿಜಾಮ್‌ಶಾಹ ಅವನ ತಲೆ ಕಡಿಸಿದ. ಹಂಪಿ ತಿಂಗಳುಗಟ್ಟಲೆ ಲೂಟಿಯಾಯಿತು.

ಇದನ್ನ ಎರಡು ಧರ್ಮಗಳ ಜಗಳ ಅಂತ ರೀಲ್ಸ್ ಮಾಡೋರಿಗೆ ಒಂದು ಮಾತು. ವಿಜಯಪುರದ ಅಲಿ ಆದಿಲ್‌ಶಾಹ ಕೆಲವೇ ವರ್ಷ ಮೊದಲು, ರಾಮರಾಯನ ಮಗ ತೀರಿಕೊಂಡಾಗ ಸಮಾಧಾನ ಹೇಳಲು ತಾನೇ ವಿಜಯನಗರಕ್ಕೆ ಹೋಗಿದ್ದ. ರಾಮರಾಯನ ಹೆಂಡತಿ ಅವನನ್ನು ಮಗ ಅಂತ ಕರೆದಳು ಎಂದು ಫೆರಿಶ್ತಾ ಬರೆಯುತ್ತಾನೆ. ಆಮೇಲೆ ರಾಜಕೀಯ ಕೆಟ್ಟಿತು, ನೆಲದ ಆಸೆ ಬೆಳೆಯಿತು. ವಿಜಯಪುರದ ಕೋಟೆಗೋಡೆ ಮುಗಿದದ್ದು ಅದೇ 1565ರಲ್ಲಿ. ಮುಂದ ಆ ಗೋಡೆ ಮುಂದ ಸೆಲ್ಫಿ ತಗೊಳ್ಳುವಾಗ ಇದು ನೆನಪಿರಲಿ.

ತಂಗಡಗಿಗೆ ಇನ್ನೊಂದು ಕಥೆಯೂ ಐತಿ, ಯುದ್ಧಕ್ಕಿಂತ ನಾಲ್ಕುನೂರು ವರ್ಷ ಹಳೇದು. ಕಲ್ಯಾಣ ಕೆಟ್ಟ ಮೇಲೆ ಕೂಡಲಸಂಗಮಕ್ಕೆ ಬಂದ ಬಸವಣ್ಣ, ನೀಲಮ್ಮನನ್ನು ಕರೆತರಲು ಹಡಪದ ಅಪ್ಪಣ್ಣನನ್ನು ಕಳಿಸಿದರು. ಅವರು ತಂಗಡಗಿಗೆ ಬರುವಷ್ಟರಲ್ಲಿ ಬಸವಣ್ಣ ಐಕ್ಯರಾಗಿದ್ದರು. ಅಲ್ಲಿರುವ ಸಂಗಯ್ಯ ಇಲ್ಲಿ ಇಲ್ಲವೇ ಅಂತ ಕೇಳಿ ನೀಲಮ್ಮ ಹೊಳಿ ದಾಟದೆ ಇಲ್ಲೇ ಐಕ್ಯಳಾದಳು ಅಂತ ಜನ ಹೇಳತಾರ. ಅವಳ ಐಕ್ಯ ಮಂಟಪ ಇಲ್ಲಿ, ಅಪ್ಪಣ್ಣನ ಪೀಠವೂ ಇಲ್ಲೇ. ಬಸವಣ್ಣನ ಐಕ್ಯ ಮಂಟಪ ಹೊಳಿಯಾಚೆ ಕೂಡಲಸಂಗಮದಲ್ಲಿ, ನಾರಾಯಣಪುರ ಆಣೆಕಟ್ಟಿನ ಹಿನ್ನೀರು ತಾಗದಂತೆ ಸುತ್ತ ಗೋಡೆ ಎಬ್ಬಿಸಿ ಉಳಿಸಿಕೊಂಡದ್ದು. ಮೆಟ್ಟಿಲಿಳಿದು ಕೆಳಗ ಹೋಗಿ ನೋಡಬೇಕು.

9/10
ಕೊಲ್ಹಾರ, ಆಲಮಟ್ಟಿ

ಈ ಪೋಸ್ಟ್ ಬರೆಯೋದು ನನಗ ಕಷ್ಟ. ನಮ್ಮ ಆಯಿಯ ಊರು ಹಳೇ ಕೊಲ್ಹಾರ.

ಆಲಮಟ್ಟಿ ಆಣೆಕಟ್ಟಿಗೆ 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲು ಇಟ್ಟರು. 2006ರ ಆಗಸ್ಟ್ 21ರಂದು ರಾಷ್ಟ್ರಪತಿ ಅಬ್ದುಲ್ ಕಲಾಂ ಲೋಕಾರ್ಪಣೆ ಮಾಡಿದರು. ನಡುವಿನ 42 ವರ್ಷ ದಂಡಿಯ ಊರುಗಳು “ಯಾವಾಗ ಏಳಬೇಕು” ಅನ್ನೋ ಮಾತಿನಲ್ಲೇ ಬದುಕಿದವು. ಮದುವಿ ಮಾತಾಡುವಾಗಲೂ “ಮುಳಗೋ ಊರಿಗೆ ಹೆಣ್ಣು ಹೆಂಗ ಕೊಡೂದು” ಅಂತಿದ್ರಂತ.

ಆಣೆಕಟ್ಟು, ಅದರ ಉದ್ಯಾನ ನೋಡ್ರಿ, ಚಂದ ಅದಾವ. ಸುಮಾರು 3 ಕಿಲೋಮೀಟರ್ ಉದ್ದದ ಕೊರ್ತಿ–ಕೊಲ್ಹಾರ ಸೇತುವೆ ಮ್ಯಾಲ ಸಂಜೀಮುಂದ ಹೋದರೆ ಎರಡೂ ಕಡೆ ಸಮುದ್ರದಂಥ ನೀರು. ಎಲ್ಲರೂ ಅಲ್ಲಿ ಫೋಟೋ ತಗೀತಾರ, ನಾನೂ ತಗದೀನಿ. ಆ ನೀರಿನ ಕೆಳಗ ಓಣಿ ಐತಿ, ಬಾವಿ ಐತಿ, ನಮ್ಮ ಆಯಿ ಆಡಿದ ಕಟ್ಟಿ ಐತಿ.

ಮೂರನೇ ಫೋಟೋ ನೋಡ್ರಿ. ಹಳೇ ಮನಿಯ ಸಾಗವಾನಿ ಬಾಗಲಾ. ಬಿಚ್ಚಿ ಬಂಡಿ ಮ್ಯಾಲ ತಂದ್ರು. ಹೊಸ ಊರಿನ ಮನಿಗೆ ಅದು ಎತ್ತರ ಆತು, ಹೊಂದಲಿಲ್ಲ. ಇವತ್ತಿಗೂ ಹಿತ್ತಲ ಗೋಡೆಗೆ ಆನಿಸಿ ಇಟ್ಟೀವಿ. ಆಯಿ ಇರೋತನಕ ಹಬ್ಬದ ದಿನ ಅದಕ್ಕೂ ಅರಿಷಿಣ ಕುಂಕುಮ ಹಚ್ಚತಿದ್ಲು.

ನೀರು ಬೇಡ ಅನ್ನೋ ಮನುಷ್ಯ ನಾನಲ್ಲ. ಎರಡನೇ ಪೋಸ್ಟಿನ ಬರದ ಲೆಕ್ಕ ಓದೀರಿ. ಮುಳವಾಡದ ಹೊಲಕ್ಕೆ ಹರಿಯೋ ನೀರು ಇದೇ ಹಿನ್ನೀರು. ಇವತ್ತು 519.60 ಮೀಟರ್ ತನಕ ನೀರು ನಿಲ್ಲಸ್ತಾರ. ಅದನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ಎರಡನೇ ನ್ಯಾಯಮಂಡಳಿ 2010ರಲ್ಲೇ ಒಪ್ಪಿಗೆ ಕೊಟ್ಟಿತು. ಏರಿಸಿದರೆ ಇನ್ನೂ 20 ಊರು ಮುಳಗತಾವ. ಆ ಊರುಗಳಲ್ಲೂ ಗುಡಿ, ದರ್ಗಾ, ವೀರಗಲ್ಲು, ಯಾರದೋ ಆಯಿ ಆಡಿದ ಕಟ್ಟಿ ಇರತಾವ. ಜನರಿಗೆ ಪರಿಹಾರದ ಲೆಕ್ಕ ಆಗತದ. ಕಲ್ಲುಗಳ ಲೆಕ್ಕ ಈಗಲೇ ಮಾಡಿಕೊಳ್ಳಬೇಕು, ಫೋಟೋ ತೆಗೆದಾದರೂ.

10/10
ಹೆಂಗ ತಿರುಗಬೇಕು?

ಮೂರು ದಿನ ಇಟ್ಕೊಳ್ರಿ. ವಿಜಯಪುರದಾಗ ವಸ್ತಿ ಮಾಡ್ರಿ.

ಮೊದಲ ದಿನ: ಮುಳವಾಡ ದಾರಿ ಹಿಡಿದು ಕೊಲ್ಹಾರ, ಆಲಮಟ್ಟಿ, ಬಸವನ ಬಾಗೇವಾಡಿ, ಇಂಗಳೇಶ್ವರ.
ಎರಡನೇ ದಿನ: ಮುದ್ದೇಬಿಹಾಳ, ತಂಗಡಗಿ, ಹೊಳಿಯಾಚೆ ಕೂಡಲಸಂಗಮ. ತಡ ಆಗದಿದ್ದರೆ ತಾಳಿಕೋಟೆ.
ಮೂರನೇ ದಿನ: ಇಂಡಿ, ಸಾಲೋಟಗಿ, ಹಲಸಂಗಿ, ಭೀಮಾ ದಂಡಿಯ ತದ್ದೇವಾಡಿ. ಸಿಂದಗಿ ಕಡೆ ಹೋಗೋರು ಇನ್ನೊಂದು ದಿನ ಕೂಡಿಸ್ರಿ.

ಬಸ್ ಅದಾವ, ಆದರೆ ಹಳ್ಳಿಗಳಿಗೆ ಕಡಿಮಿ. ಸ್ವಂತ ಗಾಡಿ ಇದ್ದರ ಅನುಕೂಲ. ಬೇಸಿಗೆ ಬ್ಯಾಡ್ರಿ, ಬಿಸಲು ತಡಕೊಳ್ಳಾಕ ಆಗೂದಿಲ್ಲ. ಡಿಸೆಂಬರ್, ಜನವರಿ ಛಲೋ. ಎಳ್ಳ ಅಮವಾಸಿ ದಿನ ಬಂದರಂತೂ ಇಡೀ ಊರೇ ಬುತ್ತಿ ಕಟಗೊಂಡು ಹೊಲಕ್ಕ ಹೋಗಿ ಚರಗ ಚೆಲ್ಲತಾರ. ದಾರಿಯಾಗ ಯಾರಾದರೂ “ಬರ್ರಿ ಉಣ್ಣಾಕ” ಅಂದರೆ ಸಂಕೋಚ ಮಾಡಬ್ಯಾಡ್ರಿ, ಸಜ್ಜಿ ರೊಟ್ಟಿ, ಭಜ್ಜಿ, ಶೇಂಗಾ ಹಿಂಡಿ ಸಿಗತದ. ಕೊಲ್ಹಾರದಾಗ ಗಡಗಿ ಮಸರು ಬಿಡಬ್ಯಾಡ್ರಿ.

ನನ್ನ ಮೂರು ವಿನಂತಿ:
ಶಾಸನದ ಮ್ಯಾಲ ಸೀಮೆಸುಣ್ಣ, ಎಣ್ಣಿ, ಪೌಡರ್ ಹಚ್ಚಬ್ಯಾಡ್ರಿ. ಬಗಲಿನಿಂದ ಟಾರ್ಚ್ ಹಿಡಿದರ ಅಕ್ಷರ ತಾನೇ ಎದ್ದು ಕಾಣತಾವ.
ವೀರಗಲ್ಲಿನ ಮ್ಯಾಲ ಕೂಡಬ್ಯಾಡ್ರಿ, ಅದು ಯಾರದೋ ಸಾವಿನ ನೆನಪು.
ನಿಮ್ಮ ಊರಾಗ ಶಾಸನದ ಕಲ್ಲು ಇದ್ದರ ನಾಕೂ ಕಡೆಯಿಂದ ಫೋಟೋ ತಗದು, ಊರ ಹೆಸರು, ತಾರೀಖು ಬರೆದು ಇಟ್ಕೊಳ್ರಿ. ಹತ್ತಿರದ ಕಾಲೇಜಿನ ಕನ್ನಡ ಇಲ್ಲವೇ ಇತಿಹಾಸ ಮೇಷ್ಟ್ರಿಗೆ ತೋರಸ್ರಿ.

ಬೆಂಗಳೂರಿನ ಆ ಗೆಳೆಯರಿಗೆ: ಸರ, ಅರ್ಧ ದಿನ ಗೋಲಗುಮ್ಮಟಕ್ಕ ಸಾಕ್ರಿ. ಉಳಿದದ್ದಕ್ಕ ಮೂರು ದಿನ ಕೊಡ್ರಿ. ಬರೋ ಮುಂದ ಮೆಸೇಜ್ ಹಾಕ್ರಿ, ಮನಿಯಾಗ ರೊಟ್ಟಿ ಬಡೀತಾರ. ಹಿತ್ತಲದಾಗಿನ ಆ ಬಾಗಲಾ ತೋರಸ್ತೀನಿ.

ನಿಮ್ಮ ಊರಿನ ಹೆಸರು ಈ ಸರಣಿಯಾಗ ಬಿಟ್ಟು ಹೋಗಿದ್ದರ ಕಾಮೆಂಟಿನಾಗ ಬರೀರಿ. ಮುಂದಿನ ಸರಣಿ ಅಲ್ಲಿಂದಲೇ ಶುರು ಮಾಡೋಣು.

#ಮುಳವಾಡ #ವಿಜಯಪುರ #ಇಂಡಿ #ಸಿಂದಗಿ #ಮುದ್ದೇಬಿಹಾಳ #ಬಸವನಬಾಗೇವಾಡಿ #ನಮ್ಮಇತಿಹಾಸ #ಊರೂರುಸುತ್ತು